ಬಾಲದ ಮೇಲಿನ ಹೆಸರು

ವಿಮಾನಕ್ಕೆ ಬಣ್ಣ ಬಳಿಯುವುದೂ ಒಂದು ಕೆಲಸವೇ ಎಂದು ಜನ ನಗುತ್ತಾರೆ. "ಅಷ್ಟು ಮೇಲೆ ಹೋಗೋದಕ್ಕೆ ಬಣ್ಣ ಯಾಕೆ ಭಾವ, ಹದ್ದು ಬಂದು ನೋಡುತ್ತಾ?" ಎಂದು ನನ್ನ ಹೆಂಡತಿಯ ತಮ್ಮನೇ ಕೇಳಿದ್ದ. ಆಮೇಲೆ ಅವನೂ ವಿಮಾನಕ್ಕೆ ಬಣ್ಣ ಬಳಿಯುವ ನಮ್ಮ ಷೆಡ್ಡಿಗೆ ಸೇರಿ ಇಪ್ಪತ್ತು ವರ್ಷ ನನ್ನ ಏಣಿ ಹಿಡಿದ. ಬಾಯಿ ಮಾತ್ರ ನಿಲ್ಲಿಸಲಿಲ್ಲ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಕ್ಷರಗಳನ್ನು ಓದಿದ್ದಕ್ಕಿಂತ ಬರೆದದ್ದೇ ಹೆಚ್ಚು. ನಮ್ಮ ಕಂಪನಿಯ ಎಲ್ಲ ವಿಮಾನಗಳ ಬಾಲದ ಮೇಲೂ ನೀಲಿಯಲ್ಲಿ ಹೆಸರು ಬರೆದವನು ನಾನೇ. ಒಂದೊಂದು ಅಕ್ಷರ ನನ್ನ ತೋಳಿನಷ್ಟು ಉದ್ದ.

ಷೆಡ್ಡಿನ ಮೂಲೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ನಾವು ಅದನ್ನು ಬಿಳಿ ಪೆಟ್ಟಿಗೆ ಎನ್ನುತ್ತಿದ್ದೆವು. ಒಳಗೆ ನಾಲ್ಕು ಡಬ್ಬ ಬಿಳಿ ಬಣ್ಣ, ಎರಡು ರೋಲರು, ಒಂದು ಸುತ್ತು ಹಗ್ಗ. ನಮ್ಮ ವಿಮಾನ ಎಲ್ಲಾದರೂ ಬಿದ್ದರೆ, ಕ್ಯಾಮೆರಾದವರು ಹತ್ತಿರ ಬರುವ ಮೊದಲೇ ಹೋಗಿ ಬಾಲದ ಮೇಲಿನ ಹೆಸರನ್ನು ಬಿಳಿ ಬಳಿದು ಮುಚ್ಚಬೇಕು. ಮರುದಿನ ಪೇಪರಿನಲ್ಲಿ ಮುರಿದ ವಿಮಾನದ ಫೋಟೋ ಬಂದರೂ ಅದು ಯಾರದ್ದೆಂದು ಕಾಣಬಾರದು. ಅದು ಹಿಂದಿನಿಂದ ಬಂದ ಪದ್ಧತಿ. ಯಾರೂ ಅದನ್ನು ತಪ್ಪು ಎಂದುಕೊಂಡಿರಲಿಲ್ಲ. ನಾನೂ ಅಂದುಕೊಂಡಿರಲಿಲ್ಲ, ಬೆಟ್ಟಕ್ಕೆ ಹೋಗಿ ಬರುವವರೆಗೆ.

ಆಗ ನನಗೆ ಮೂವತ್ತು ದಾಟಿರಲಿಲ್ಲ. ಮೇಸ್ತ್ರಿಯ ಜೊತೆ ಬೆಟ್ಟ ಹತ್ತಿ, ಅಲ್ಲಿ ಬಿದ್ದಿದ್ದ ನಮ್ಮ ವಿಮಾನವೊಂದರ ಬಾಲಕ್ಕೆ ಬಿಳಿ ಬಳಿದೆ. ಆ ಬಣ್ಣಕ್ಕೆ ಇನ್ನೊಂದು ದ್ರವ ಬೆರೆಸುತ್ತಿದ್ದರು, ಹತ್ತು ನಿಮಿಷಕ್ಕೆ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಇಳಿಯಲು ಹೊರಟಾಗ ಒಬ್ಬ ತಾಯಿ ಎದುರಾದಳು. ಅವಳ ಮಗ ಹೋದದ್ದು ಇಂಥ ಹೆಸರಿನ ವಿಮಾನದಲ್ಲಿ ಎಂದು ಯಾರೋ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಚೀಟಿ ಹಿಡಿದು ಆ ಬಾಲದ ಸುತ್ತ ಎರಡು ಸಲ ಬಂದಳು. "ಇದಲ್ಲ, ಇದರ ಮೇಲೆ ಹೆಸರಿಲ್ಲ" ಎಂದು ಮತ್ತೂ ಮೇಲಕ್ಕೆ ಹತ್ತತೊಡಗಿದಳು. ನಾನು ಓಡಿಹೋಗಿ ತೋಳಿನಿಂದ ಒಂದು ಅಕ್ಷರವನ್ನಾದರೂ ಉಜ್ಜಿ ತೋರಿಸೋಣವೆಂದು ಉಜ್ಜಿದೆ. ಅಂಗಿ ಹರಿಯಿತು, ಬಣ್ಣ ಬಿಡಲಿಲ್ಲ. ಮೇಸ್ತ್ರಿ ಬಾಯಿ ಮುಚ್ಚಿಕೊಂಡು ಬಾ ಎಂದ. ಬಂದೆ.

ಮೇಸ್ತ್ರಿ ಹೋದ ಮೇಲೆ ಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟಕ್ಕೆ ಬಂತು. ಪ್ರತಿ ವರ್ಷ ಹಳೆಯ ಬಣ್ಣ ತೆಗೆದು ಹೊಸದು ತುಂಬುವುದು ನನ್ನ ಕೆಲಸ. ಏನು ತುಂಬುತ್ತೇನೆಂದು ಯಾರೂ ಡಬ್ಬ ತೆರೆದು ನೋಡಲಿಲ್ಲ.

ನಾನು ಹೇಳಹೊರಟ ದಿನ, ಬೆಳಗಿನ ಹತ್ತು ಗಂಟೆ. ಷೆಡ್ಡಿನಲ್ಲಿ ಒಂದು ಬಾಗಿಲಿಗೆ ಉಪ್ಪುಕಾಗದ ಉಜ್ಜುತ್ತಿದ್ದೆ. ಸೈರನ್ ಕೂಗಿತು. ಹೊರಗೆ ಬಂದು ನೋಡಿದರೆ ರನ್‌ವೇಯ ಆಚೆ ತುದಿಯಲ್ಲಿ ಹೊಗೆ. ನಮ್ಮದೇ ವಿಮಾನ, ನೂರಿಪ್ಪತ್ತಾರು ಜನ. ಇಳಿದದ್ದು ನಿಲ್ಲದೆ ಮುಂದಿನ ಜೌಗು ನೆಲಕ್ಕೆ ನುಗ್ಗಿ ಎರಡು ತುಂಡಾಗಿತ್ತು.

ಹನ್ನೊಂದೂವರೆಗೆ ದೊಡ್ಡ ಸಾಹೇಬರ ಫೋನ್ ಬಂತು. ಕಂಪನಿಯ ಮೇಲಧಿಕಾರಿ. ನನ್ನ ಹತ್ತಿರ ಅವರು ಅದುವರೆಗೆ ಮಾತಾಡಿದ್ದು ಎರಡೇ ಸಲ.

"ತಾತ, ಬಿಳಿ ಪೆಟ್ಟಿಗೆ ತಗೊಂಡು ಹೊರಡಿ. ಒಂದು ಗಂಟೆ ಒಳಗೆ ಮುಗಿಬೇಕು."

"ಆಯ್ತು ಸರ್" ಎಂದೆ. ಇನ್ನೇನು ಹೇಳಲಿ?

ಜೀಪು ಅರ್ಧದವರೆಗೆ ಹೋಯಿತು. ಅಲ್ಲಿಂದ ಮೊಣಕಾಲುದ್ದ ಕೆಸರು. ಏಣಿಯ ಒಂದು ತುದಿ ನನ್ನ ಹೆಗಲ ಮೇಲೆ, ಇನ್ನೊಂದು ಭಾವಮೈದನ ಹೆಗಲ ಮೇಲೆ. ಹುಲ್ಲಿನ ದಿಣ್ಣೆ ದಾಟಿದೆವು. ನಾನು ಅಲ್ಲೇ ನಿಂತುಬಿಟ್ಟೆ.

ಷೆಡ್ಡಿನಲ್ಲಿ ನೋಡಿದಾಗ ವಿಮಾನ ದೊಡ್ಡದು ಅನಿಸುವುದಿಲ್ಲ, ಅಲ್ಲಿ ಎಲ್ಲವೂ ದೊಡ್ಡದೇ. ಇಲ್ಲಿ ಆ ಬಾಲ ಒಂದೇ ಬೇರೆಯಾಗಿ, ಕೆಸರಿನಲ್ಲಿ ನೆಟ್ಟಗೆ ನಿಂತಿತ್ತು. ಮೂರು ಆಳೆತ್ತರ. ಸುತ್ತ ಕೈಚೀಲ, ಚಪ್ಪಲಿ, ಸೀಟಿನ ದಿಂಬು ಚೆಲ್ಲಾಡಿದ್ದರೂ ಬಾಲದ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ನನ್ನ ನೀಲಿ ಅಕ್ಷರಗಳು ಬಿಸಿಲಿಗೆ ಈಗ ತಾನೇ ಬರೆದಂತೆ ಹೊಳೆಯುತ್ತಿದ್ದವು. ನೂರಾರು ಜನರನ್ನು ಎತ್ತಿಕೊಂಡು ಮೋಡ ದಾಟುವ ವಸ್ತು ಇದು. ಅದರ ಒಂದು ತುಂಡಿನ ಎದುರೇ ನಾನು ಇರುವೆಯಂತಿದ್ದೆ. ಭಾವಮೈದನ ಬಾಯಿಯೂ ಮೊದಲ ಸಲ ಕಟ್ಟಿಹೋಯಿತು.

ಅಪಘಾತ ತನಿಖೆ ಮಾಡುವವರ ಕಡೆಯ ಒಬ್ಬ ಅಲ್ಲಿ ನಿಂತಿದ್ದ. "ಹೆಸರು ಮುಚ್ಚೋದಷ್ಟೇ. ಬೇರೆ ಒಂದು ತಿರುಪೂ ಮುಟ್ಟಬಾರದು" ಎಂದ. ಅವರ ಸಾಹೇಬರ ಜೊತೆ ನಮ್ಮ ಸಾಹೇಬರು ಮೊದಲೇ ಮಾತಾಡಿದ್ದರು.

ಡಬ್ಬ ತೆರೆಯುವಾಗ ಭಾವಮೈದ ತನ್ನ ಮೊಬೈಲನ್ನು ಪೆಟ್ಟಿಗೆಯ ಮೇಲೆ ಆನಿಸಿಟ್ಟ. "ಭಾವ, ನೋಡಿ, ರೇಡಿಯೋ ಮಾತಾಡ್ತಿದೆ."

ರೇಡಿಯೋ ಎಂದರೆ ಕಂಪನಿಯ ಪರವಾಗಿ ಪತ್ರಿಕೆ, ಟಿವಿಯವರ ಜೊತೆ ಮಾತಾಡುವ ಅಧಿಕಾರಿ. ಮೂವತ್ತೈದರ ಹೆಣ್ಣುಮಗಳು. ವಿಮಾನ ತಡವಾದರೆ, ಯಾರದೋ ಪೆಟ್ಟಿಗೆ ಕಳೆದರೆ ಬಂದು ಮಾತಾಡುತ್ತಿದ್ದಳು. ಅದಕ್ಕೇ ಷೆಡ್ಡಿನವರು ಆ ಹೆಸರಿಟ್ಟಿದ್ದರು. ಹಿಡಿಯಷ್ಟಗಲದ ಪರದೆಯಲ್ಲಿ ಅವಳ ಮುಖ ಕಂಡಿತು, ಮುಂದೆ ಇಪ್ಪತ್ತು ಮೈಕು.

"ನೂರಿಪ್ಪತ್ತಾರು ಜನರಲ್ಲಿ ನೂರಿಪ್ಪತ್ತನಾಲ್ಕು ಜನ ಎಲ್ಲಿದ್ದಾರೆ, ಹೇಗಿದ್ದಾರೆ ಅಂತ ಗೊತ್ತು" ಎನ್ನುತ್ತಿದ್ದಳು. "ಇಬ್ಬರ ವಿಷಯ ನಮಗೆ ಗೊತ್ತಿಲ್ಲ. ಗೊತ್ತಾದ ಕೂಡಲೇ ಮೊದಲು ಅವರ ಮನೆಯವರಿಗೆ ಹೇಳ್ತೀನಿ, ಆಮೇಲೆ ನಿಮಗೆ. ಯಾಕೆ ಹೀಗಾಯ್ತು ಅನ್ನೋದೂ ಗೊತ್ತಿಲ್ಲ. ಊಹೆ ಮಾಡಿ ಹೇಳಲ್ಲ. ಏನನ್ನೂ ಮುಚ್ಚಿಡೋದೂ ಇಲ್ಲ."

ನಮಗೆ ಗೊತ್ತಿಲ್ಲ ಎಂಬ ಮಾತನ್ನು ಕಂಪನಿಯ ಒಬ್ಬರ ಬಾಯಲ್ಲಿ ನಾನು ಅಷ್ಟು ನೇರವಾಗಿ ಕೇಳಿದ್ದು ಅದೇ ಮೊದಲು.

ಭಾವಮೈದ ಕೋಲು ಹಾಕಿ ಬಣ್ಣ ಕಲಸಿದ. ಮೂಗು ಅರಳಿಸಿದ. "ಭಾವ, ಇದು ವಿಮಾನದ ಬಣ್ಣ ಅಲ್ಲ. ನಮ್ಮನೆ ಗೋಡೆಗೆ ಹೊಡೆದ ವಾಸನೆ ಬರ್ತಿದೆ."

"ಸುಮ್ನೆ ಕಲಸು."

"ಇಷ್ಟು ವರ್ಷ ಇದನ್ನೇ ತುಂಬಿದ್ರಾ? ಸಾಹೇಬರಿಗೆ ಗೊತ್ತಾದ್ರೆ..."

"ಕಲಸು ಅಂದೆ."

ನಾನು ಏಣಿ ಹತ್ತಿ ಬಳಿದೆ. ನನ್ನದು ಅಷ್ಟೇ ಧೈರ್ಯ. ಆಗುವುದಿಲ್ಲ ಎಂದು ಹೇಳುವ ಗುಂಡಿಗೆ ಇರಲಿಲ್ಲ. ಕೈ ಚಾಚಿ, ನಾನೇ ಬರೆದ ಅಕ್ಷರಗಳನ್ನು ನಾನೇ ಒಂದೊಂದಾಗಿ ಮುಚ್ಚಿದೆ. ಒಂದು ಗಂಟೆಗೆ ಮುಗಿಯಿತು. ಬೆನ್ನು ನೆಟ್ಟಗೆ ಮಾಡಿ ದೂರದ ಪೊಲೀಸರ ಹಗ್ಗದ ಕಡೆ ನೋಡಿದೆ. ಅಲ್ಲಿ ಒಂದು ಕ್ಯಾಮೆರಾದ ಗಾಜು ಬಿಸಿಲಿಗೆ ಫಳಕ್ಕೆಂದಿತು. ಅದು ನನ್ನನ್ನೇ ನೋಡುತ್ತಿತ್ತು.

"ಭಾವ, ನೀವು ಟಿವೀಲಿ ಬಂದ್ರಿ" ಎಂದ ಭಾವಮೈದ ಮೊಬೈಲ್ ಹಿಡಿದು. ನಗಲಿಲ್ಲ.

ಕಾಲು ಗಂಟೆಯಾಗಿರಬಹುದು. ಕೆಸರಿನಲ್ಲಿ ಯಾರೋ ಓಡಿ ಬರುವುದು ಕಾಣಿಸಿತು. ರೇಡಿಯೋ. ಬೂಟು ಎರಡೂ ಕೈಯಲ್ಲಿ, ಕಾಲು ಮೊಣಕಾಲಿನವರೆಗೆ ಕಪ್ಪು. ಬಂದವಳು ಬಾಲವನ್ನು ನೋಡಿ, ಏಣಿಯನ್ನು ನೋಡಿ, ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ.

"ತಾತ, ನಿಮ್ಮ ತಪ್ಪಲ್ಲ. ಒಂದು ವಿಷಯ ಹೇಳ್ತೀನಿ, ಕೇಳಿ" ಎಂದಳು. ಉಸಿರು ಸಿಗುತ್ತಿರಲಿಲ್ಲ, ಆದರೂ ಮಾತು ತಡವರಿಸಲಿಲ್ಲ.

ಗುರುತು ಸಿಗದ ಇಬ್ಬರೂ ವಯಸ್ಸಾದ ಹೆಂಗಸರು, ನರೆತ ಕೂದಲು, ಹೆಚ್ಚುಕಡಿಮೆ ಒಂದೇ ಆಳ್ತನ. ಒಬ್ಬರು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾರೆ, ಮುಖದ ತುಂಬ ಪಟ್ಟಿ. ಇನ್ನೊಬ್ಬರು ತೀರಿಹೋಗಿದ್ದಾರೆ. ಯಾರು ಯಾರು ಎಂದು ತಿಳಿಯುವುದಿಲ್ಲ. ಅವರಿಗಾಗಿ ಬಂದವರು ಇಬ್ಬರು: ಒಬ್ಬರು ಹೆಂಡತಿಗಾಗಿ ಬಂದ ಯಜಮಾನರು, ಇನ್ನೊಬ್ಬರು ಅಕ್ಕನಿಗಾಗಿ ಬಂದ ತಂಗಿ. ಆಸ್ಪತ್ರೆ ಎರಡು ಗಂಟೆಯ ದಾರಿ. ಅಲ್ಲಿ ಡಾಕ್ಟರು ಶಸ್ತ್ರಚಿಕಿತ್ಸೆಗೆ ತಯಾರಾಗಿ, ಈಕೆಗೆ ಯಾವ ಔಷಧ ಆಗುತ್ತದೆ, ಯಾವುದು ಆಗದು ಎಂದು ಕೇಳುತ್ತಿದ್ದಾರೆ.

"ಇಬ್ಬರಿಗೂ ಬೇರೆಬೇರೆ ಕೂರಿಸಿ ಇದ್ದದ್ದು ಇದ್ದ ಹಾಗೇ ಹೇಳಿದೆ. ಯಜಮಾನರು ಹೆಂಡತಿ ಗುರುತು ಹೇಳೋಕೆ ಶುರು ಮಾಡಿದ್ರು. ಅಷ್ಟರಲ್ಲಿ ಗೋಡೆ ಮೇಲಿನ ಟಿವೀಲಿ ನೀವು ಬಂದ್ರಿ."

ನಾನು ಕೈಯಲ್ಲಿದ್ದ ರೋಲರನ್ನು ಡಬ್ಬದೊಳಗೆ ಇಟ್ಟೆ.

"'ಹೆಸರು ಮುಚ್ಚೋರು ಹೆಣಾನೂ ಮುಚ್ತೀರಿ, ನನ್ನ ಹೆಂಡ್ತಿ ಅಂತ ಯಾರನ್ನೋ ತೋರಿಸ್ತೀರಿ' ಅಂದ್ರು. ಬಾಯಿ ಮುಚ್ಚಿದವರು ಬಿಟ್ಟಿಲ್ಲ. ತಂಗಿಯೂ ಹಾಗೇ. ಅವರು ಅಂದದ್ದರಲ್ಲಿ ತಪ್ಪೇನಿದೆ? ಏನೂ ಮುಚ್ಚಲ್ಲ ಅಂದವಳು ನಾನು." ಅವಳು ಬಾಲವನ್ನು ಮುಟ್ಟಿದಳು. "ಇದನ್ನ ತೆಗೆಯೋಕೆ ಎಷ್ಟು ಹೊತ್ತು ಬೇಕು ತಾತ? ಕೆರೆದರೆ ಬರುತ್ತಾ?"

ಭಾವಮೈದ ನನ್ನ ಮುಖ ನೋಡಿದ. ಇಷ್ಟು ವರ್ಷ ಯಾರಿಗೂ ಹೇಳದ ಮಾತನ್ನು ಹೇಳಿದೆ.

"ಕೆರೆಯೋದು ಬೇಡಮ್ಮ. ಒಂದು ಬಕೆಟ್ ನೀರು ಸಾಕು. ಇದು ಗೋಡೆಗೆ ಹೊಡೆಯೋ ಬಣ್ಣ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಯಾಕೆ ಎಂದು ಕೇಳಲಿಲ್ಲ. ಎರಡೂ ಕೈಯಲ್ಲಿ ನನ್ನ ಬಣ್ಣದ ಕೈ ಹಿಡಿದು ಬಿಟ್ಟಳು, ಅಷ್ಟೇ. ಆಮೇಲೆ ದೊಡ್ಡ ಸಾಹೇಬರಿಗೆ ಫೋನ್ ಮಾಡಿದಳು. ಅವರ ಕೂಗು ನಮಗೂ ಕೇಳುತ್ತಿತ್ತು.

"ಸರ್, ಸಂಜೆ ನನ್ನ ಕೆಲಸದಿಂದ ತೆಗೆದುಹಾಕಿ. ಬೇಡ ಅನ್ನಲ್ಲ. ಈಗ ಅರ್ಧ ಗಂಟೆ ಅಡ್ಡ ಬರಬೇಡಿ" ಎಂದು ಫೋನನ್ನು ಜೇಬಿಗೆ ಹಾಕಿದಳು. ಅದು ಜೇಬಿನಲ್ಲೇ ಗುಂಯ್ ಗುಂಯ್ ಎನ್ನುತ್ತಿತ್ತು.

ಆಮೇಲೆ ಅವಳು ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಯಾರೂ ನೋಡದ ಹಾಗೆ ಒರೆಸಿಬಿಡಿ ಎನ್ನಬಹುದಿತ್ತು. ಅವಳು ಹಗ್ಗದವರೆಗೆ ನಡೆದುಹೋಗಿ, ಪೊಲೀಸರಿಗೆ ಹೇಳಿ, ಕ್ಯಾಮೆರಾದವರನ್ನೆಲ್ಲ ದಿಣ್ಣೆಯ ಮೇಲಕ್ಕೆ ಕರೆತಂದು ನಿಲ್ಲಿಸಿದಳು. ಅವರು ಬರುವಾಗಲೇ ಕೂಗುತ್ತಿದ್ದರು.

"ಮೇಡಂ, ಹೆಸರು ಮುಚ್ಚಿದ್ರಿ, ಇನ್ನೇನೇನು ಮುಚ್ಚಿದ್ದೀರಿ?"

"ಸುಣ್ಣ ಹೊಡೆದ್ರೆ ವಿಮಾನ ಬೇರೆಯವರದ್ದಾಗುತ್ತಾ?"

"ಮುಂದಿನ ಸಲ ದೊಡ್ಡ ಹೊದಿಕೆ ತನ್ನಿ ಮೇಡಂ!" ಹಿಂದೆ ಯಾರೋ ನಕ್ಕರು.

ಅವಳು ಎಲ್ಲರೂ ಮುಗಿಸುವವರೆಗೆ ಕಾದಳು. ಬರಿಗಾಲು, ಕೆಸರು ಹತ್ತಿದ ಬಟ್ಟೆ, ಕೈಯಲ್ಲಿ ಒಂದು ಕಾಗದವೂ ಇಲ್ಲ. ದನಿ ಎತ್ತಲಿಲ್ಲ.

"ಹನ್ನೆರಡು ಗಂಟೆಗೆ ಏನನ್ನೂ ಮುಚ್ಚಿಡಲ್ಲ ಅಂದೆ. ಒಂದು ಗಂಟೆಗೆ ನಾವೇ ನಮ್ಮ ಹೆಸರು ಮುಚ್ಚಿದ್ವಿ. ಇವರು ತಾವಾಗಿ ಮಾಡಿದ್ದಲ್ಲ, ಮಾಡಿಸಿದ್ದು ನಮ್ಮ ಕಂಪನಿ. ಅದು ತಪ್ಪು. ಈ ವಿಮಾನ ನಮ್ಮದು. ಇದರಲ್ಲಿದ್ದವರು ನಮ್ಮನ್ನ ನಂಬಿ ಹತ್ತಿದವರು. ಆ ಹೆಸರು ಇಲ್ಲೇ ಇರುತ್ತೆ. ಈಗ ನಿಮ್ಮ ಕಣ್ಣೆದುರೇ ಬಣ್ಣ ತೆಗೀತೀವಿ. ನೋಡಿ."

ಅಷ್ಟೇ ಹೇಳಿ ಪಕ್ಕಕ್ಕೆ ಸರಿದಳು. ಕ್ಯಾಮೆರಾಗಳಿಗೂ ನನಗೂ ನಡುವೆ ಯಾರೂ ಉಳಿಯಲಿಲ್ಲ.

ಅಗ್ನಿಶಾಮಕದವರು ಬಕೆಟ್ ತುಂಬಿ ಕೊಟ್ಟರು. ನಾನು ಹಳೆಯ ಬನಿಯನ್ ಅದ್ದಿ ಏಣಿ ಹತ್ತಿದೆ. "ಹಿಡಿದಿದ್ದೀನಿ ಭಾವ, ಹತ್ತಿ" ಎಂದ ಭಾವಮೈದ ಕೆಳಗಿನಿಂದ, ಮೆಲ್ಲಗೆ. ಮೊದಲ ಸಲ ಒರೆಸಿದಾಗಲೇ ಬಿಳಿ ಹಾಲಿನಂತೆ ಹರಿದು ನನ್ನ ಅಂಗಿಯ ತೋಳಿನೊಳಗೆ ಇಳಿಯಿತು. ಅದರ ಹಿಂದೆ ನೀಲಿ. ಒಂದು ಅಕ್ಷರದ ತಲೆ, ಆಮೇಲೆ ಹೊಟ್ಟೆ, ಆಮೇಲೆ ಕಾಲು. ಎರಡನೇ ಅಕ್ಷರ. ಮೂರನೆಯದು. ಆ ಜೌಗಿನಲ್ಲಿ ಐವತ್ತು ಜನ ನಿಂತಿದ್ದರು, ಒಬ್ಬರೂ ಕೆಮ್ಮಲಿಲ್ಲ. ಬಟ್ಟೆ ಹಿಂಡಿದ ನೀರು ಕೆಸರಿಗೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಹೊದಿಕೆ ತನ್ನಿ ಎಂದು ಗೇಲಿ ಮಾಡಿದ್ದವನು ತಲೆಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಮೂವತ್ತೊಂದು ವರ್ಷ ಆ ಹೆಸರನ್ನು ಎಷ್ಟೋ ಸಲ ಬರೆದಿದ್ದೆ. ಅದಕ್ಕೆ ಇಷ್ಟು ತೂಕವಿದೆ ಎಂದು ತಿಳಿದದ್ದು ಅವತ್ತು.

ಕೆಳಗಿಳಿದಾಗ ಅವಳು, "ನೀವೂ ಬನ್ನಿ ತಾತ. ಟಿವಿ ನೋಡಿ ಆ ಯಜಮಾನರು ನಿಮ್ಮನ್ನ ನೋಡಬೇಕು ಅಂದ್ರಂತೆ" ಎಂದಳು.

ನಿಲ್ದಾಣದ ಮಹಡಿಯ ಮೇಲೆ ಒಂದು ಹಾಲ್. ಸಾಲು ಕುರ್ಚಿ, ಮೇಜಿನ ಮೇಲೆ ಯಾರೂ ಮುಟ್ಟದ ನೀರಿನ ಲೋಟಗಳು, ಗೋಡೆಯ ಮೇಲೆ ಟಿವಿ. ಬದುಕಿದವರ ಮನೆಯವರೆಲ್ಲ ಹೊರಟುಹೋಗಿದ್ದರು. ಕಿಟಕಿಯ ಹತ್ತಿರ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಕೈಚೀಲವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಅವಳೇ ಅಕ್ಕನಿಗಾಗಿ ಕಾದ ತಂಗಿ. ಈ ಕಡೆ ಯಜಮಾನರು. ಅವರ ಕೈಯಲ್ಲಿ ಒಂದು ಕನ್ನಡಕ. ಹೆಂಡತಿ ಮಗಳ ಮನೆಗೆ ಹೋಗುವಾಗ ಮರೆತದ್ದು. ಅವಳು ಇಳಿದ ಕೂಡಲೇ ಕೊಡೋಣವೆಂದು ತಂದಿದ್ದರು.

"ಬಳಿದಿದ್ದೂ ನೀವೇನಾ?" ಎಂದು ಕೇಳಿದರು.

"ನಾನೇ."

"ಒರೆಸಿದ್ದೂ?"

"ನಾನೇ ಸ್ವಾಮಿ." ನನ್ನ ತೋಳಿನಿಂದ ಇನ್ನೂ ಬಿಳಿ ನೀರು ತೊಟ್ಟಿಕ್ಕುತ್ತಿತ್ತು.

ಅವರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ರೇಡಿಯೋ ಕಡೆ ತಿರುಗಿದರು. "ಬರ್ಕೊಳ್ಳಿ ಮಗಳೇ. ಎಡಗಾಲಿನ ಎರಡನೇ ಬೆರಳು ಹೆಬ್ಬೆರಳಿನ ಮೇಲೆ ಹತ್ತಿ ಕೂತಿದೆ, ಹುಟ್ಟಿದಾಗಿನಿಂದ. ನಾನು ಅದಕ್ಕೇ ಅವಳನ್ನ ಕುದುರೆ ಸವಾರಿ ಅಂತ ರೇಗಿಸ್ತಿದ್ದೆ. ಪೆನಿಸಿಲಿನ್ ಆಗಲ್ಲ. ಒಂದು ಸಲ ಕೊಟ್ಟಾಗ ಉಸಿರೇ ನಿಂತುಹೋಗಿತ್ತು."

ಕಿಟಕಿಯ ಹತ್ತಿರದ ತಂಗಿಯೂ ಹತ್ತಿರ ಬಂದಳು. ಅಕ್ಕನ ಬಲ ಮೊಣಕೈಯಲ್ಲಿ ಹಳೆಯ ಹೊಲಿಗೆಯ ಗುರುತು ಇದೆ ಎಂದಳು. ರೇಡಿಯೋ ಎರಡನ್ನೂ ಬರೆದುಕೊಂಡು, ಅವರೆದುರೇ ಓದಿ ಸರಿಯೇ ಎಂದು ಕೇಳಿ, ಆಸ್ಪತ್ರೆಗೆ ಫೋನ್ ಮಾಡಿ ಹೇಳಿದಳು. ಪೆನಿಸಿಲಿನ್ ಮಾತನ್ನು ಎರಡು ಸಲ ಹೇಳಿದಳು.

ಹತ್ತು ನಿಮಿಷ. ಫೋನ್ ಬಂತು. ಅವಳು ಕಿವಿಗಿಟ್ಟು ಕೇಳಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಯಜಮಾನರೂ ನೋಡುತ್ತಿದ್ದರು, ತಂಗಿಯೂ ನೋಡುತ್ತಿದ್ದಳು. ಆ ಮುಖದಲ್ಲಿ ಒಂದು ನರವೂ ಅಲುಗಲಿಲ್ಲ. "ಮೊಣಕೈ ಕೂಡಾ ನೋಡಿದ್ರಾ? ಖಾತ್ರಿ ತಾನೇ?" ಎಂದಷ್ಟೇ ಕೇಳಿ ಇಟ್ಟಳು. ತಂಗಿಯ ಹತ್ತಿರ ಹೋಗಿ ಬಗ್ಗಿ, "ಅಮ್ಮಾ, ಸ್ವಲ್ಪ ನನ್ನ ಜೊತೆ ಬನ್ನಿ" ಎಂದು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

ಐದು ನಿಮಿಷ ಯಜಮಾನರು ಕನ್ನಡಕದ ಕಡ್ಡಿ ಬಿಚ್ಚುತ್ತ ಮಡಚುತ್ತ ಕೂತಿದ್ದರು. ಒಳಗಿನಿಂದ ಒಂದೇ ಒಂದು ಕೂಗು ಕೇಳಿತು. ಆಮೇಲೆ ಅವಳು ಒಬ್ಬಳೇ ಹೊರಗೆ ಬಂದು ಯಜಮಾನರ ಮುಂದೆ ಮಂಡಿಯೂರಿ ಕೂತಳು.

"ನಿಮ್ಮ ಮನೆಯವರು ಆಸ್ಪತ್ರೆಯಲ್ಲಿರೋರು. ಬದುಕಿದ್ದಾರೆ. ಬೇರೆ ಔಷಧ ಕೊಟ್ಟು ಶಸ್ತ್ರಚಿಕಿತ್ಸೆ ಶುರು ಮಾಡಿದ್ದಾರೆ. ಕೆಳಗೆ ಕಾರು ನಿಂತಿದೆ."

ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಯಾವ ಸುದ್ದಿ ಮೊದಲು, ಯಾವುದು ಆಮೇಲೆ ಎಂದು ಅವಳು ಅದೊಂದು ಉಸಿರಿನಲ್ಲಿ ತೂಗಿದ್ದಳು. ಈ ಮನುಷ್ಯನ ಮುಖ ಅರಳುವುದನ್ನು ನೋಡಿ ಆ ತಂಗಿಗೆ ತನ್ನ ಅಕ್ಕ ಇಲ್ಲವೆಂದು ತಿಳಿಯಬಾರದು. ಸಂತೋಷ ಐದು ನಿಮಿಷ ಕಾಯಬಹುದು. ಇಂಥದ್ದನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೋ ನನಗೆ ತಿಳಿಯದು. ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದಕ್ಕೆ ನನಗೆ ನಾಚಿಕೆಯಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಆ ತಂಗಿ, "ಅಕ್ಕ ಬಂದ ವಿಮಾನ ನೋಡ್ಬೇಕು" ಎಂದಳು. ಆಗ ಬೇಡ ಎನ್ನುವವರೇ ಹೆಚ್ಚು. ರೇಡಿಯೋ ಬೇಡ ಎನ್ನಲಿಲ್ಲ. ಕ್ಯಾಮೆರಾದವರಿಗೆ ಒಂದು ಮಾತು ಹೇಳಿದಳು, ಅವರು ಕ್ಯಾಮೆರಾಗಳನ್ನೆಲ್ಲ ನೆಲಕ್ಕೆ ಇಳಿಸಿದರು. ಕೆಸರಿನ ಮೇಲೆ ಹಲಗೆ ಹಾಸಿದ್ದೆವು. ನಾನು ಮುಂದೆ, ಆ ತಂಗಿ ನನ್ನ ತೋಳು ಹಿಡಿದು ಹಿಂದೆ.

ಬಾಲದ ಬುಡದಲ್ಲಿ ನಿಂತು ಅವಳು ತಲೆಯೆತ್ತಿದಳು. ಚೀಲದಿಂದ ಅಕ್ಕ ಕಳಿಸಿದ್ದ ಟಿಕೆಟ್ಟಿನ ಕಾಗದ ತೆಗೆದಳು. ಅದರಲ್ಲಿದ್ದ ಹೆಸರನ್ನು ಓದಿ, ಮೇಲಿನದನ್ನು ಒಂದೊಂದೇ ಅಕ್ಷರವಾಗಿ ಓದಿದಳು.

"ಇದೇನಾ?"

"ಇದೇ ತಾಯಿ" ಎಂದೆ. ಆ ಮಾತು ಬೆಟ್ಟದ ಮೇಲಿನ ಆ ದಿನದಿಂದಲೂ ನನ್ನೊಳಗೆ ಉಳಿದುಕೊಂಡಿತ್ತು.

ಅವಳು ಮುಂದೆ ಹೋಗಿ, ಬಿಳಿ ನೀರು ಇಳಿದು ಇನ್ನೂ ಹಸಿಯಿದ್ದ ಬಾಲದ ತಗಡಿಗೆ ಅಂಗೈ ಒತ್ತಿ ನಿಂತಳು. ಎಲ್ಲರ ಪರವಾಗಿ ಮಾತಾಡುತ್ತಿದ್ದ ಆ ಹೆಣ್ಣುಮಗಳು ಹತ್ತು ಹೆಜ್ಜೆ ಹಿಂದೆ, ಕೈ ಕಟ್ಟಿಕೊಂಡು, ಏನೂ ಮಾತಾಡದೆ ನಿಂತಿದ್ದಳು. ಜೇಬಿನಲ್ಲಿ ಫೋನ್ ಗುಂಯ್ ಎನ್ನುತ್ತಲೇ ಇತ್ತು. ತಂಗಿ ಕೈ ತೆಗೆದಾಗ ಅಂಗೈ ತುಂಬ ಬಿಳಿ ಹತ್ತಿತ್ತು. ಒರೆಸಿಕೊಳ್ಳಿ ಎಂದು ನನ್ನ ಬಟ್ಟೆ ಕೊಡಹೋದೆ. ಅವಳು ಬೇಡವೆಂದು ತಲೆಯಾಡಿಸಿ, ಬೆರಳು ಮಡಚಿ, ಹಾಗೇ ಹಿಡಿದುಕೊಂಡು ಹಲಗೆಯ ಮೇಲೆ ನಡೆದಳು.